ಯಾರಾ ಕಂಪನಿಯ ಇಂಗಾಲದ ಲೆಕ್ಕ

ನಾರ್ವೆಯ ರಸಗೊಬ್ಬರ ಕಂಪನಿ ಯಾರಾ ಪ್ರತ್ಯೇಕ ಸಂಸ್ಥೆಯಾದದ್ದು 2004ರಲ್ಲಿ. ಅದರ ಬೇರು ಇರುವುದು 1905ರಲ್ಲಿ ಸ್ಥಾಪನೆಯಾದ ನಾರ್ಸ್ಕ್ ಹೈಡ್ರೊದಲ್ಲಿ. ಭೌತವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಮತ್ತು ಎಂಜಿನಿಯರ್ ಸ್ಯಾಮ್ ಐಡೆ ವಿದ್ಯುತ್ ಚಾಪದ ಉರಿಯಲ್ಲಿ ಗಾಳಿಯ ಸಾರಜನಕವನ್ನು ಆಮ್ಲಜನಕದೊಡನೆ ಕೂಡಿಸಿ, ಅದರಿಂದ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ತಯಾರಿಸಿದರು. ಈ ವಿಧಾನ ವಿಪರೀತ ವಿದ್ಯುತ್ ಬೇಡುತ್ತಿತ್ತು. ಆದರೆ ಆ ವಿದ್ಯುತ್ ಜಲಪಾತಗಳದು. 1920ರ ದಶಕದ ಕೊನೆಗೆ, ಸಾರಜನಕ ಮತ್ತು ಜಲಜನಕವನ್ನು ಕೂಡಿಸಿ ಅಮೋನಿಯ ತಯಾರಿಸುವ ಹೇಬರ್-ಬಾಷ್ ವಿಧಾನ ಬಂದಾಗಲೂ ನಾರ್ವೆಯ ರ್ಯೂಕಾನ್‌ನಲ್ಲಿ ಜಲಜನಕವನ್ನು ನೀರನ್ನು ವಿಭಜಿಸಿಯೇ ಪಡೆಯುತ್ತಿದ್ದರು. ಈಗ ‘ಹಸಿರು ಅಮೋನಿಯ’ ಎಂದು ಹೊಸತೆಂಬಂತೆ ಪ್ರಚಾರವಾಗುತ್ತಿರುವುದು ಬಹುಮಟ್ಟಿಗೆ ಇದೇ. ಅಗ್ಗದ ತೈಲ, ಅನಿಲ ಸಿಕ್ಕ ಮೇಲೆ ಅಂಥ ಘಟಕಗಳು ಒಂದೊಂದಾಗಿ ಮುಚ್ಚಿದವು.

ಅನಿಲದಿಂದ ಜಲಜನಕ ಪಡೆಯುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ. ನೈಟ್ರಿಕ್ ಆಮ್ಲದ ಘಟಕಗಳಿಂದ ನೈಟ್ರಸ್ ಆಕ್ಸೈಡ್ ಕೂಡ ಹೊಮ್ಮುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪಕ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 270 ಪಟ್ಟು. ಅದನ್ನು ಒಡೆಯುವ ವೇಗವರ್ಧಕವನ್ನು ಯಾರಾ ಅಭಿವೃದ್ಧಿಪಡಿಸಿತು. 2005ರ ನಂತರ ಕಂಪನಿ ತೋರಿಸುವ ಇಳಿಕೆಯಲ್ಲಿ ಇದರ ಪಾಲೇ ದೊಡ್ಡದು.

2019ಕ್ಕೆ ಹೋಲಿಸಿ 2030ರೊಳಗೆ ಹೊರಸೂಸುವಿಕೆಯಲ್ಲಿ ಶೇ 30ರಷ್ಟು ಕಡಿತ, 2050ಕ್ಕೆ ಹವಾಮಾನ ತಟಸ್ಥತೆ ಎಂಬುದು ಯಾರಾದ ಘೋಷಣೆ. 2024ರಲ್ಲಿ ನಾರ್ವೆಯ ಹೆರೊಯಾದಲ್ಲಿ ಉದ್ಘಾಟನೆಯಾದ, ನೀರನ್ನು ವಿಭಜಿಸಿ ಜಲಜನಕ ಪಡೆಯುವ 24 ಮೆಗಾವಾಟ್ ಘಟಕ ವರ್ಷಕ್ಕೆ ಉಳಿಸಬಹುದಾದದ್ದು ಸುಮಾರು 41,000 ಟನ್ ಇಂಗಾಲದ ಡೈಆಕ್ಸೈಡ್; ಅಲ್ಲಿನ ಅಮೋನಿಯ ಕಾರ್ಖಾನೆಯನ್ನು ಪೂರ್ತಿ ಬದಲಿಸಿದರೆ ಉಳಿಯುವುದು 8 ಲಕ್ಷ ಟನ್. ಶೇ 30ರ ಗುರಿಯಲ್ಲಿ ಕಾರ್ಖಾನೆಗಳ ಹೊಗೆ ಮತ್ತು ಕೊಂಡ ವಿದ್ಯುತ್ತಿನ ಲೆಕ್ಕವಷ್ಟೇ ಇದೆ. ಗೊಬ್ಬರ ಹೊಲಕ್ಕೆ ಬಿದ್ದ ಮೇಲೆ ಮಣ್ಣಿನಿಂದೇಳುವ ನೈಟ್ರಸ್ ಆಕ್ಸೈಡ್ ಅದರ ಹೊರಗೇ ಉಳಿದಿದೆ.