ಕಾಸರಕದ ದಾಯಾದಿ

“ಕೋವಿಡ್ ಆದ ಅಪ್ಪನಿಗೆ ಕೈಕಾಲು ಆಡದಂತೆ ಔಷಧ ಕೊಟ್ಟಿದ್ದಾರಂತೆ, ಏಕೆ ಸರ್?” ಎಂದು ಹಳಿಯಾಳದ ಹಳೆಯ ವಿದ್ಯಾರ್ಥಿಯೊಬ್ಬ 2021ರಲ್ಲಿ ನನ್ನನ್ನು ಕೇಳಿದ್ದ.

ನಮ್ಮ ಜೋಯಿಡಾ ಕಾಡಿನ ಕಾಸರಕದ ಬೀಜದ ವಿಷ ಸ್ನಾಯುಗಳನ್ನು ಸೆಟೆಸುತ್ತದೆ. ಅದರದೇ ಕುಲದ ದಕ್ಷಿಣ ಅಮೆರಿಕದ ಬಳ್ಳಿಯಿಂದ ಮಾಡುವ ಬಾಣವಿಷ ಕ್ಯುರಾರೆ, ಸ್ನಾಯುಗಳನ್ನು ಸಡಿಲಿಸಿ ಉಸಿರನ್ನೇ ನಿಲ್ಲಿಸುತ್ತದೆ. 1814ರಲ್ಲಿ ಲಂಡನ್ನಿನಲ್ಲಿ ಆ ವಿಷವೇರಿದ ಕತ್ತೆಯೊಂದನ್ನು ತಿದಿಯಿಂದ ಗಾಳಿಯೂದಿ ಉಳಿಸಿದರು. ಅದು ಮತ್ತೆ 25 ವರ್ಷ ಬದುಕಿತಂತೆ! 1942ರಲ್ಲಿ ಮಾಂಟ್ರಿಯಲ್ಲಿನ ಡಾ. ಗ್ರಿಫಿತ್ ಅದನ್ನು ಶಸ್ತ್ರಚಿಕಿತ್ಸೆಗೆ ತಂದರು.

ಇಂದಿನ ಅಂಥ ಔಷಧಗಳು, ಶ್ವಾಸಕೋಶ ಸೋತ ರೋಗಿಯು ವೆಂಟಿಲೇಟರಿನೊಡನೆ ಸೆಣಸದಂತೆ ತಡೆಯುತ್ತವೆ. 48 ಗಂಟೆಗಳ ಬಳಕೆಯಿಂದ ಸಾವು ತಗ್ಗಿತೆಂದು 2010ರ ಫ್ರಾನ್ಸಿನ ಅಧ್ಯಯನ ಹೇಳಿತು. 1,006 ರೋಗಿಗಳ 2019ರ ಅಮೆರಿಕದ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಹೀಗಾಗಿ ಅವು ಎಲ್ಲರಿಗೂ ಅಲ್ಲ. ನನಗೆ ಮುಖ್ಯವೆನಿಸುವುದು ಬೇರೊಂದು: ಇವು ಪ್ರಜ್ಞೆಯನ್ನು ಮಂಕಾಗಿಸುವುದಿಲ್ಲ, ಮೊದಲು ಗಾಢನಿದ್ರೆಯ ಔಷಧ ಕೊಡಲೇಬೇಕು.