ಪ್ರಾಧ್ಯಾಪಕ ಚೀಮಾ ಮತ್ತು ನಮ್ಮ ಸೀಮೆಯ ಹಣ್ಣಿನ ಮರಗಳು

ಗಡಿನಾಡಿನ ಇತಿಹಾಸವೆಂದೊಡನೆ ನಾವು ಶಾಸನ, ದೇವಾಲಯ, ಸಂಸ್ಥಾನಗಳನ್ನು ನೆನೆಯುತ್ತೇವೆ. ಹೊಲದ ಬದುವಿನ ಮಾವಿಗೂ ಒಂದು ಇತಿಹಾಸವುಂಟೆಂಬುದನ್ನು ಮರೆಯುತ್ತೇವೆ.

ಕೊಲ್ಲಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಚಲಕರಂಜಿ, ಗಡಹಿಂಗ್ಲಜಗಳೂ ಅದರೊಡನೆ ಆ ಪ್ರಾಂತಕ್ಕೆ ಸೇರಿದವು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿಯೇ ಇದ್ದವು. ಧಾರವಾಡದಲ್ಲಿ 1947ರಲ್ಲಿ ಕೃಷಿ ಮಹಾವಿದ್ಯಾಲಯ ತೆರೆಯುವ ಮುನ್ನ ಈ ವಿದ್ಯೆಗೆ ನಮ್ಮವರು ಪುಣೆಯತ್ತ ನೋಡುತ್ತಿದ್ದರು.

ಅಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದವರು ಜಿ. ಎಸ್. ಚೀಮಾ. ಗಣೇಶಖಿಂಡದ ಹಣ್ಣಿನ ಪ್ರಯೋಗಕ್ಷೇತ್ರ ಅವರ ಕಾರ್ಯಭೂಮಿ. ಆಪೂಸ ಮಾವನ್ನು ಪರದೇಶಕ್ಕೆ ಕಳಿಸುವ ಪ್ರಯತ್ನವನ್ನು ಕುರಿತು ಅವರು ಪಿ. ಜಿ. ದಾಣಿಯವರೊಡನೆ 1934ರಲ್ಲಿ ವರದಿ ಪ್ರಕಟಿಸಿದರು. ಎಸ್. ಎಸ್. ಭಟ್ ಮತ್ತು ಕೆ. ಸಿ. ನಾಯಕರೊಡನೆ ಬರೆದ ಭಾರತದ ವಾಣಿಜ್ಯ ಹಣ್ಣುಗಳ ಇಂಗ್ಲಿಷ್ ಗ್ರಂಥ 1954ರಲ್ಲಿ ಹೊರಬಂದಿತು.

ಆದರೆ ನಮಗೆ ಹೆಚ್ಚು ಪಾಠ ಹೇಳುವುದು ಅವರ ದ್ರಾಕ್ಷಿಯ ಕೆಲಸ. ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನೇ ಹೋಲುವುದೆಂಬ ಭರವಸೆಯಿಲ್ಲ. ಬೆಳೆಗಾರನಿಗೆ ಇದು ತೊಡಕು. ಸಂಶೋಧಕನಿಗೆ ಇದೇ ಭಂಡಾರ. ಪಂಢರಿ ಸಾಹೇಬಿ ದ್ರಾಕ್ಷಿಯ ಬೀಜದ ಸಸಿಗಳನ್ನು ಚೀಮಾ ಅವರು ಬೆಳೆಸಿ, ಪರೀಕ್ಷಿಸಿ, ಅವುಗಳಲ್ಲಿ ಉತ್ತಮವಾದುದನ್ನು ಆಯ್ದರು. ಅದೇ 'ಚೀಮಾ ಸಾಹೇಬಿ'. ಆಯ್ದ ಬಳ್ಳಿಯ ಗುಣ ಮಾತ್ರ ಬೀಜದಿಂದಲ್ಲ, ಕಡ್ಡಿ ನೆಟ್ಟೇ ಉಳಿಯಬೇಕು. ಮಾವಿನಲ್ಲಿ ಆ ಕೆಲಸವನ್ನು ಕಸಿ ಮಾಡುತ್ತದೆ.

ಈ ಮಾತನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡೋಣ. ಪಂಚಗಂಗೆಯ ದಂಡೆಯಲ್ಲಿ ಕಬ್ಬು ಹಬ್ಬಿದೆ. ಕಬ್ಬು ವರುಷ-ಒಂದೂವರೆ ವರುಷಕ್ಕೆ ಹಣ ತರುತ್ತದೆ. ಮಾವು ಹಲವು ವರುಷ ಕಾಯಿಸುತ್ತದೆ. ಆದಕಾರಣ ಬದುವಿನ ಜವಾರಿ ಮಾವಿಗೆ ಕೊಡಲಿ ಬೀಳುವುದು ಸುಲಭ. ಓಟೆಯಿಂದ ಎದ್ದ ಅಂಥ ಪ್ರತಿಯೊಂದು ಮರವೂ ತನ್ನ ರುಚಿ-ಕಂಪುಗಳಲ್ಲಿ ತಾನೊಂದೇ. ಕಡಿದ ಮೇಲೆ ಅದರ ಓಟೆ ನೆಟ್ಟರೂ ಆ ಮರ ಮರಳಿ ಬಾರದು.

ಉಪ್ಪಿನಕಾಯಿಗೆ ಇದು, ಸೀಕರಣೆಗೆ ಅದು ಎಂದು ಮರಗಳನ್ನು ಹೆಸರಿಟ್ಟು ಗುರುತಿಸಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಶಿಕ್ಷಕ ಬಂಧುಗಳು ಮಕ್ಕಳ ನೆರವಿನಿಂದ ಆ ಹೆಸರು, ಹೊಲ, ಹಣ್ಣಿನ ಗುಣಗಳನ್ನು ಕನ್ನಡದಲ್ಲಿ ಬರೆದಿಡಲಿ. ಮರವಿರುವಾಗಲೇ ಒಂದು ಟೊಂಗೆ ತಂದು ಶಾಲೆಯ ಅಂಗಳದ ಸಸಿಗೆ ಕಸಿ ಮಾಡಿಸಲಿ. ಪ್ರಾಧ್ಯಾಪಕ ಚೀಮಾ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆಯಿಲ್ಲ.