ಕಣ್ಸೆಳೆಯುವ ಮುಖಪುಟ: ಒಂದು ಹಿನ್ನೋಟ

ನಮ್ಮ ಕೂಟದ ರಾಜ್ಯೋತ್ಸವ ಸಂಚಿಕೆಗೆ ಮುಖಪುಟ ಆರಿಸಲು ನಾವು ಐದು ಜನ ಸದಸ್ಯರೊಬ್ಬರ ಮನೆಯಲ್ಲಿ ಸೇರಿದ್ದೆವು. ಮೇಜಿನ ಮೇಲೆ ಹನ್ನೊಂದು ಚಿತ್ರಗಳು: ದೀಪಾಲಂಕೃತ ಮೈಸೂರು ಅರಮನೆ, ಜೋಗದ ಜಲಪಾತ, ಹಂಪಿಯ ಕಲ್ಲಿನ ರಥ, ಮಕ್ಕಳು ಬರೆದ ಭುವನೇಶ್ವರಿ ಇತ್ಯಾದಿ. ಅವುಗಳ ನಡುವೆ ಕಳೆದ ಚಳಿಗಾಲದ ಒಂದು ಫೋಟೋ. ಊರಿನಿಂದ ಮಗನ ಮನೆಗೆ ಬಂದ ಅಜ್ಜಿಯೊಬ್ಬರು ಕಿಟಕಿಯ ಬಳಿ ನಿಂತು, ಹೊರಗೆ ಬೀಳುತ್ತಿರುವ ಮೊದಲ ಹಿಮವನ್ನು ನೋಡುತ್ತಿದ್ದಾರೆ. ಕಾಫಿ ಆರುವ ಮೊದಲೇ ಐವರೂ “ಇದೇ ಇರಲಿ” ಎಂದೆವು. ಯಾಕೆ ಇದೇ ಎಂದರೆ ಒಬ್ಬರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಉತ್ತರ ಹುಡುಕಲು ಹೊರಟು ಈ ದೇಶದ ಪತ್ರಿಕೆಗಳ ಇತಿಹಾಸಕ್ಕೆ ಕೈಹಾಕಿದೆವು. ಅಲ್ಲಿ ಕಂಡದ್ದನ್ನು ಸದಸ್ಯ ಬಂಧುಗಳೊಂದಿಗೆ ಹಂಚಿಕೊಳ್ಳುವ ಆಸೆಯಿಂದ ಈ ಲೇಖನ.

ಮುಖಪುಟವೆಂದರೆ ಚಿತ್ರ ಇರಲೇಬೇಕು ಎಂಬುದು ತೀರಾ ಹಳೆಯ ನಿಯಮವೇನಲ್ಲ. 1888ರಲ್ಲಿ ಆರಂಭವಾದ ನ್ಯಾಷನಲ್ ಜಿಯಾಗ್ರಫಿಕ್‌ಗೆ ಅದರ ಪ್ರಸಿದ್ಧ ಹಳದಿ ಚೌಕಟ್ಟು ಬಂದದ್ದು 1910ರಲ್ಲಿ. ಮುಖಪುಟಕ್ಕೆ ಫೋಟೋ ಹಾಕುವುದು ಅಲ್ಲಿ ರೂಢಿಯಾದದ್ದು 1959ರಿಂದ ಈಚೆಗೆ. ರೀಡರ್ಸ್ ಡೈಜೆಸ್ಟ್ ಅಂತೂ 1998ರವರೆಗೆ ವಿಷಯಸೂಚಿಯನ್ನೇ ಮುಖಪುಟದಲ್ಲಿ ಅಚ್ಚು ಹಾಕುತ್ತಿತ್ತು. ಅಂಚೆಯಲ್ಲಿ ಚಂದಾದಾರರ ಮನೆಗೆ ಹೋಗುವ ಪತ್ರಿಕೆಗೆ ಅಷ್ಟು ಸಾಕು. ಅಂಗಡಿಯಲ್ಲಿ ಬಿಕರಿಯಾಗಬೇಕಾದ ಪತ್ರಿಕೆಯ ಪಾಡು ಬೇರೆ. ನಮ್ಮೂರಿನ ಬಸ್ ಸ್ಟ್ಯಾಂಡಿನ ಅಂಗಡಿಯನ್ನು ನೆನಪಿಸಿಕೊಳ್ಳಿ. ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಸುಧಾ, ಪ್ರಜಾಮತ, ತರಂಗ. ಬಸ್ಸು ಹೊರಡುವ ಮೊದಲು ಕಿಟಕಿಯಿಂದಲೇ ನೋಡಿ, ಒಂದನ್ನು ಕೂಗಿ ಕೇಳಬೇಕು. ಆ ಗಳಿಗೆಯಲ್ಲಿ ಕಣ್ಣನ್ನು ಹಿಡಿದು ನಿಲ್ಲಿಸುವುದೇ ಮುಖಪುಟದ ಮೊದಲ ಕೆಲಸ.

ಅದನ್ನು ಸಾಧಿಸುವ ಬಗೆಗೆ ಲೈಫ್ ಪತ್ರಿಕೆಯ ಸಚಿತ್ರ ವಾರಪತ್ರಿಕೆಯ ರೂಪದ ಮೊದಲ ಸಂಚಿಕೆ ಒಳ್ಳೆಯ ಪಾಠ. 1936ರ ನವೆಂಬರ್ 23ರ ಆ ಮುಖಪುಟದಲ್ಲಿ ಮೊಂಟಾನಾ ರಾಜ್ಯದ ಫೋರ್ಟ್ ಪೆಕ್ ಅಣೆಕಟ್ಟಿನ ಕಪ್ಪುಬಿಳುಪು ಚಿತ್ರವಿದೆ. ತೆಗೆದವರು ಮಾರ್ಗರೆಟ್ ಬರ್ಕ್‌ವೈಟ್. ಕೋಟೆಯ ಬುರುಜುಗಳಂತೆ ಎದ್ದು ನಿಂತ ಕಾಂಕ್ರೀಟಿನ ಸಾಲು, ಕೆಳಗೆ ಇರುವೆಯಷ್ಟು ಚಿಕ್ಕದಾಗಿ ಇಬ್ಬರು ಮನುಷ್ಯರು. ಆ ಇಬ್ಬರನ್ನು ಬೆರಳಿನಿಂದ ಮುಚ್ಚಿ ನೋಡಿ. ಚಿತ್ರ ಬರಿಯ ಆಕಾರವಾಗಿಬಿಡುತ್ತದೆ. ಬೆರಳು ತೆಗೆದೊಡನೆ ಅಣೆಕಟ್ಟು ಮತ್ತೆ ಪರ್ವತದಷ್ಟು ಬೆಳೆಯುತ್ತದೆ.

2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಸಿಕ್ಕಿದ್ದು ರೋಲಿಂಗ್ ಸ್ಟೋನ್ ಪತ್ರಿಕೆಯ 1981ರ ಜನವರಿ 22ರ ಸಂಚಿಕೆಗೆ. ಗಾಯಕ ಜಾನ್ ಲೆನನ್ ಮಗುವಿನಂತೆ ಮುದುಡಿ ಪತ್ನಿ ಯೋಕೋ ಓನೋ ಅವರನ್ನು ಅಪ್ಪಿಕೊಂಡಿರುವ ಚಿತ್ರ. ಆನಿ ಲೀಬೊವಿಟ್ಜ್ ಅದನ್ನು ತೆಗೆದದ್ದು 1980ರ ಡಿಸೆಂಬರ್ 8ರಂದು. ಅದೇ ರಾತ್ರಿ ಲೆನನ್ ಗುಂಡೇಟಿಗೆ ಬಲಿಯಾದರು. ಮುಖಪುಟಕ್ಕೆ ಪತ್ರಿಕೆ ಯಾವ ತಲೆಬರಹವನ್ನೂ ಹಾಕಲಿಲ್ಲ.

ಅದೇ ಪಟ್ಟಿಯ ನಾಲ್ಕನೆಯ ಮುಖಪುಟ ನಮ್ಮಂಥ ವಲಸಿಗರಿಗೆ ಇನ್ನೂ ಹತ್ತಿರದ್ದು. ನ್ಯೂಯಾರ್ಕರ್ ಪತ್ರಿಕೆಗೆ 1976ರ ಮಾರ್ಚ್ 29ರಂದು ಸಾಲ್ ಸ್ಟೈನ್‌ಬರ್ಗ್ ಬರೆದ ಚಿತ್ರ. ಮ್ಯಾನ್‌ಹ್ಯಾಟನ್ನಿನ ಎರಡು ಬೀದಿಗಳು ಅರ್ಧ ಪುಟ ತುಂಬಿವೆ. ಹಡ್ಸನ್ ನದಿಯಾಚೆ ಇಡೀ ಅಮೆರಿಕ ಒಂದು ಚಾಪೆಯಷ್ಟು. ಅದರಾಚೆ ಪೆಸಿಫಿಕ್, ಅದಕ್ಕೂ ಆಚೆ ಚೀನಾ, ಜಪಾನ್, ರಷ್ಯಾ ಎಂಬ ಮೂರು ದಿಬ್ಬಗಳು. ಭಾರತಕ್ಕೆ ಜಾಗವೇ ಇಲ್ಲ! ನಗು ಬರುತ್ತದೆ, ನಿಜ. ಆದರೆ ಮಲ್ಲೇಶ್ವರದಲ್ಲಿ ಬೆಳೆದವರು ತಮ್ಮ ಮನಸ್ಸಿನ ಭೂಪಟ ಬರೆದರೆ ಎಂಟನೇ ಅಡ್ಡರಸ್ತೆ ಎಷ್ಟು ಅಗಲ ಇದ್ದೀತು, ಅಮೆರಿಕ ಎಷ್ಟು ಚಿಕ್ಕದಿದ್ದೀತು? ನಮ್ಮ ಮಕ್ಕಳು ಬರೆದರೆ? ನೂರು ಪುಟದ ಪ್ರಬಂಧ ಹೇಳಬೇಕಾದ ಮಾತನ್ನು ಒಂದು ಚಿತ್ರ ಹೇಳಿಬಿಟ್ಟಿದೆ.

ಅಕ್ಷರಗಳೇ ಚಿತ್ರವಾಗುವುದೂ ಉಂಟು. 1966ರ ಏಪ್ರಿಲ್ 8ರ ಟೈಮ್ ಪತ್ರಿಕೆ ಕಪ್ಪು ಪುಟದ ಮೇಲೆ ಕೆಂಪು ಅಕ್ಷರಗಳಲ್ಲಿ ದೇವರು ಸತ್ತಿದ್ದಾನೆಯೇ ಎಂದು ಕೇಳಿತು. ಚಿತ್ರವೇ ಇಲ್ಲದ ಮುಖಪುಟ ಆ ಪತ್ರಿಕೆಗೆ ಅದೇ ಮೊದಲು. ಅದೇ ವರ್ಷ ಅಕ್ಟೋಬರಿನಲ್ಲಿ ಎಸ್ಕ್ವೈರ್ ಪತ್ರಿಕೆಗೆ ಜಾರ್ಜ್ ಲೋಯಿಸ್ ಕಪ್ಪು ಪುಟದ ಮೇಲೆ ಬಿಳಿ ಅಕ್ಷರಗಳಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಪುಟ್ಟ ಹುಡುಗಿಯೊಬ್ಬಳು ತಮ್ಮ ಏಟಿಗೆ ಸಿಕ್ಕಿದ್ದನ್ನು ಕಂಡ ಸೈನಿಕನ ಉದ್ಗಾರವನ್ನಷ್ಟೇ ಅಚ್ಚು ಹಾಕಿಸಿದರು. ಇನ್ನು 2001ರ ಸೆಪ್ಟೆಂಬರ್ 24ರ ನ್ಯೂಯಾರ್ಕರ್ ಮೊದಲ ನೋಟಕ್ಕೆ ಬರಿಯ ಕಪ್ಪು ಹಾಳೆ. ಬೆಳಕಿಗೆ ಓರೆಯಾಗಿ ಹಿಡಿದಾಗ, ಬಿದ್ದುಹೋದ ಎರಡು ಗೋಪುರಗಳು ಇನ್ನೂ ಗಾಢವಾದ ಕಪ್ಪಿನಲ್ಲಿ ನೆರಳಿನಂತೆ ಕಾಣುತ್ತವೆ. ಅದು ಆರ್ಟ್ ಸ್ಪೀಗಲ್‌ಮನ್ ಮತ್ತು ಫ್ರಾನ್ಸ್ವಾಸ್ ಮೂಲಿ ದಂಪತಿಗಳ ಕೆಲಸ. (ನಮ್ಮ ಜೆರಾಕ್ಸ್ ಯಂತ್ರಕ್ಕೆ ಕೊಟ್ಟರೆ ಬರಿಯ ಕಪ್ಪು ಹಾಳೆಯೇ ಹೊರಬಂದೀತು!)

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನಮಗೆ ತೋರಿದ್ದು ಇಷ್ಟು: ಒಳ್ಳೆಯ ಮುಖಪುಟ ಒಂದೇ ಮಾತು ಹೇಳುತ್ತದೆ, ಆ ಮಾತಿಗೆ ಬೇಡವಾದದ್ದನ್ನು ಹೊರಗಿಡುತ್ತದೆ, ಎರಡನೆಯ ಸಲ ನೋಡಿದವರಿಗೂ ಏನೋ ಉಳಿಸಿರುತ್ತದೆ. ನಮ್ಮ ಅರಮನೆಯ ಫೋಟೋದಲ್ಲಿ ಸಾವಿರಾರು ದೀಪಗಳಿದ್ದರೂ ನೋಡುವವನಿಗೆ ಹೊಸದೇನೂ ಇರಲಿಲ್ಲ. ಅಜ್ಜಿಯ ಚಿತ್ರದಲ್ಲಿ ಇದ್ದದ್ದು ಒಂದು ಕಿಟಕಿ, ಒಂದು ಮುಖ, ಹಿಮ. ಜೆರಾಕ್ಸಿನಲ್ಲಿ ನಡುವಣ ಬೂದು ಛಾಯೆಗಳು ಮಾಯವಾದರೂ ಆ ಕಪ್ಪುಬಿಳುಪು ನಿಲ್ಲುತ್ತಿತ್ತು.

ಆದರೆ ಕಣ್ಸೆಳೆದರೆ ಸಾಕೇ? ಇತಿಹಾಸ ಇಲ್ಲಿ ಸ್ವಲ್ಪ ಕಹಿಯಾಗುತ್ತದೆ. 1982ರ ಫೆಬ್ರವರಿ ಸಂಚಿಕೆಗೆ ನ್ಯಾಷನಲ್ ಜಿಯಾಗ್ರಫಿಕ್ ಈಜಿಪ್ಟಿನ ಪಿರಮಿಡ್ಡುಗಳ ಅಡ್ಡ ಚಿತ್ರವನ್ನು ಉದ್ದ ಪುಟಕ್ಕೆ ಹೊಂದಿಸಲು ಕಂಪ್ಯೂಟರಿನಲ್ಲಿ ಎರಡು ಪಿರಮಿಡ್ಡುಗಳನ್ನು ಹತ್ತಿರಕ್ಕೆ ಸರಿಸಿಬಿಟ್ಟಿತು. ಓದುಗರು ಸುಮ್ಮನಿರಲಿಲ್ಲ. 1994ರ ಜೂನ್ 27ರಂದು ಟೈಮ್ ಮತ್ತು ನ್ಯೂಸ್‌ವೀಕ್ ಎರಡೂ ಓ. ಜೆ. ಸಿಂಪ್ಸನ್ನರ ಒಂದೇ ಪೊಲೀಸ್ ಫೋಟೋ ಹಾಕಿದವು. ನ್ಯೂಸ್‌ವೀಕ್ ಇದ್ದಂತೆಯೇ ಹಾಕಿತು. ಟೈಮ್‌ನ ಮುಖಪುಟದಲ್ಲಿ ಅವರ ಮುಖವನ್ನು ಇನ್ನಷ್ಟು ಕಪ್ಪಾಗಿಸಲಾಗಿತ್ತು. ಅಂಗಡಿಯ ಕಪಾಟಿನಲ್ಲಿ ಎರಡೂ ಅಕ್ಕಪಕ್ಕ ಕುಳಿತಾಗ ವ್ಯತ್ಯಾಸ ಎಲ್ಲರಿಗೂ ಕಂಡಿತು. ವಿಚಾರಣೆಗೆ ಮೊದಲೇ ಬಣ್ಣದಿಂದ ತೀರ್ಪು ಕೊಟ್ಟಂತಾಯಿತೆಂದು ಜನ ಸಿಟ್ಟಾದರು. ಪತ್ರಿಕೆ ಸಮಜಾಯಿಷಿ ಕೊಡಬೇಕಾಯಿತು. ಮೈಬಣ್ಣದ ಮೇಲೆ ಅಳೆಯುವ ಕಣ್ಣುಗಳನ್ನು ಊರಿನಲ್ಲಿಯೂ ಇಲ್ಲಿಯೂ ಕಂಡಿರುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು 1985ರ ಜೂನ್ ಸಂಚಿಕೆಯ ಆ ಆಫ್ಘನ್ ಹುಡುಗಿ. ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ 1984ರಲ್ಲಿ ಸ್ಟೀವ್ ಮೆಕರಿ ತೆಗೆದ ಚಿತ್ರ. ಕೆಂಪು ಹೊದಿಕೆ, ನೇರವಾಗಿ ನಮ್ಮನ್ನೇ ನೋಡುವ ಹಸಿರು ಕಣ್ಣುಗಳು. ನಮ್ಮಲ್ಲಿ ಕೆಲವರ ಮನೆಯ ಕಪಾಟಿನಲ್ಲಿ ಆ ಸಂಚಿಕೆ ಇಂದಿಗೂ ಇದೆ. ಮುಖಪುಟಗಳಲ್ಲಿ ಅದಕ್ಕಿಂತ ಬಲವಾಗಿ ಕಣ್ಣು ಹಿಡಿಯುವುದು ವಿರಳ. ಆದರೆ ಜಗತ್ತೆಲ್ಲ ಆ ಮುಖವನ್ನು ಗುರುತಿಸುತ್ತಿದ್ದಾಗ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. 2002ರಲ್ಲಿ ಪತ್ರಿಕೆಯವರು ಹುಡುಕಿಕೊಂಡು ಹೋದಾಗ ಹೆಸರು ಶರ್ಬತ್ ಗುಲಾ ಎಂದು ತಿಳಿಯಿತು. ಅಲ್ಲಿಯತನಕ ಆಕೆ ತನ್ನ ಚಿತ್ರವನ್ನೇ ನೋಡಿರಲಿಲ್ಲ!

ಇದನ್ನು ಓದಿದ ಸಂಜೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಅಜ್ಜಿಯನ್ನು ಯಾರಾದರೂ ಕೇಳಿದ್ದೆವೆಯೇ? ಫೋಟೋ ಕಳಿಸಿದವರು ಮೊಮ್ಮಗಳು, ಆರಿಸಿದವರು ನಾವು. ಕೂಡಲೇ ಫೋನ್ ಮಾಡಿದೆವು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, “ಅಯ್ಯೋ, ಆವತ್ತು ತಲೆ ಸಹ ಬಾಚಿರಲಿಲ್ಲ. ಹಿಮ ನೋಡ್ತಾ ನಮ್ಮ ಯಜಮಾನರ ನೆನಪಾಗಿ ಅಳು ಬಂದಿತ್ತು. ಅದನ್ನ ಎಲ್ಲರ ಮನೆಗೂ ಕಳಿಸ್ತೀರಾ?” ಎಂದರು. ಆ ಚಿತ್ರ ನಮ್ಮೈವರನ್ನೂ ಹಿಡಿದು ನಿಲ್ಲಿಸಿದ್ದು ಯಾಕೆಂದು ಆಗ ತಿಳಿಯಿತು. ಅದನ್ನು ಅಚ್ಚು ಹಾಕುವಂತಿಲ್ಲ ಎಂಬುದೂ ತಿಳಿಯಿತು.

ಸಂಚಿಕೆಯ ಮುಖಪುಟದಲ್ಲಿ ಈಗ ಅವರದೇ ಇನ್ನೊಂದು ಚಿತ್ರವಿದೆ. ರೇಷ್ಮೆ ಸೀರೆ, ಹೂವು, ಅದೇ ಕಿಟಕಿ, ನೇರ ನೋಟ. ಅದನ್ನು ಅವರೇ ಆರಿಸಿಕೊಟ್ಟರು. ಮೊದಲಿನಷ್ಟು ಕಣ್ಸೆಳೆಯುವುದಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ಆದರೆ ಸಂಚಿಕೆ ಕೈಗೆ ಬಂದ ದಿನ ಅವರು ನಮ್ಮಿಂದ ಹತ್ತು ಪ್ರತಿ ಹೆಚ್ಚಿಗೆ ಕೇಳಿ ಪಡೆದು, ಊರಿನ ನೆಂಟರಿಗೆ ಅಂಚೆಯಲ್ಲಿ ಕಳಿಸಿದರು.

ಯುಗಾದಿ ಸಂಚಿಕೆಗೆ ಮುಖಪುಟದ ಚಿತ್ರಗಳನ್ನು ಸದಸ್ಯರಿಂದ, ವಿಶೇಷವಾಗಿ ಮಕ್ಕಳಿಂದ, ಆಹ್ವಾನಿಸುತ್ತಿದ್ದೇವೆ. ಗಟ್ಟಿ ಗೆರೆಗಳ ಚಿತ್ರವಾದರೆ ಜೆರಾಕ್ಸಿಗೆ ಅನುಕೂಲ. ಚಿತ್ರದಲ್ಲಿ ಯಾರಾದರೂ ಇದ್ದರೆ ಮೊದಲು ಅವರಿಗೆ ತೋರಿಸಿ, ಒಪ್ಪಿಗೆ ಪಡೆದು ಕಳಿಸಬೇಕಾಗಿ ವಿನಂತಿ.